ಹೊತ್ತು ಹೇಳುವ ಕುರ್ಚಿ

ಮೌನಕ್ಕ ಆ ಕುರ್ಚಿಗೆ ಆಸೆಪಟ್ಟವಳಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಆಮೇಲೆ ಜನ ಬಾಯಿಗೆ ಬಂದಂತೆ ಮಾತಾಡಿಕೊಂಡರು. ಅವತ್ತು ಅವಳು ಎಲ್ಲರ ನಡುವೆ ಕೊಡೆ ಬಿಚ್ಚಿ ನಿಂತದ್ದು ಅದರ ಸ್ಪ್ರಿಂಗ್ ಸರಿಯಿದೆಯೇ ಎಂದು ನೋಡುವುದಕ್ಕೆ, ಅಷ್ಟೇ.

ಅದು ಕೊಡೆ ಮಾಡುವ ಕಾರ್ಖಾನೆ. ಕಾರ್ಖಾನೆ ಅಂದರೆ ಹೆಸರು ದೊಡ್ಡದಾಯಿತು. ಇದ್ದದ್ದು ಒಂದು ಉದ್ದನೆಯ ಹಾಲ್, ಪಕ್ಕದಲ್ಲಿ ಬಟ್ಟೆಗೆ ಮೇಣ ಹಚ್ಚುವ ಕೋಣೆ, ಹಿಂದೆ ಒಂದು ಅಂಗಳ. ಕೆಲಸದವರು ನಲವತ್ತು ಜನ. ಕೆಲವರು ಬಟ್ಟೆ ಕತ್ತರಿಸುವವರು, ಕೆಲವರು ಎಂಟು ತುಂಡು ಸೇರಿಸಿ ಹೊಲಿಯುವವರು, ಕೆಲವರು ಹಿಡಿ ಕೂರಿಸುವವರು. ಮೌನಕ್ಕನದು ತುದಿ ಬಿಗಿಯುವ ಕೆಲಸ. ಬಟ್ಟೆಯ ಒಂದೊಂದು ಮೂಲೆಯನ್ನೂ ಒಂದೊಂದು ಕಡ್ಡಿಯ ತುದಿಗೆ ಸೂಜಿಯಿಂದ ಹೊಲಿದು, ಹಲ್ಲಿನಿಂದ ದಾರ ಕಡಿಯಬೇಕು. ಹನ್ನೊಂದು ವರ್ಷದಿಂದ ಅದನ್ನೇ ಮಾಡಿ ಅವಳ ಮುಂದಿನ ಹಲ್ಲಿನಲ್ಲಿ ಸಣ್ಣದೊಂದು ಗೀರು ಬಿದ್ದಿತ್ತು.

ಮುಗಿದ ಕೊಡೆಗಳನ್ನು ಬಟ್ಟೆ ಹಿಗ್ಗಲಿ ಎಂದು ಬಿಚ್ಚಿ ಸೂರಿಗೆ ತೂಗುಹಾಕುತ್ತಿದ್ದರು. ಮಾಡಿನ ಗಾಜಿನಿಂದ ಬೀಳುವ ಬಿಸಿಲು ಆ ಕೊಡೆಗಳನ್ನು ಹಾದು ಇಳಿದು ಒಬ್ಬೊಬ್ಬರ ಮೇಲೆ ಒಂದೊಂದು ಬಣ್ಣವಾಗಿ ಕೂರುತ್ತಿತ್ತು. ಬೆಳಿಗ್ಗೆ ಹಸಿರಾಗಿದ್ದವಳು ಮಧ್ಯಾಹ್ನಕ್ಕೆ ಕೆಂಪಾಗುತ್ತಿದ್ದಳು, ಸಂಜೆಗೆ ನೇರಳೆ. ಗಾಳಿ ಬಂದರೆ ಬಣ್ಣಗಳು ಮುಖದಿಂದ ಮುಖಕ್ಕೆ ದಾಟಿಕೊಳ್ಳುತ್ತಿದ್ದವು. ಹೊಸದಾಗಿ ಸೇರಿದವರಿಗೆ ಒಂದು ವಾರ ಎಚ್ಚರವೋ ನಿದ್ದೆಯೋ ತಿಳಿಯುತ್ತಿರಲಿಲ್ಲ. ಹಳಬರಿಗೂ ಪೂರ್ತಿ ತಿಳಿಯುತ್ತಿತ್ತು ಅಂತ ನನಗೇನೂ ಅನ್ನಿಸುವುದಿಲ್ಲ.

ಅಲ್ಲಿ ಗಡಿಯಾರ ಇರಲಿಲ್ಲ. ಗೋಡೆಗೆ ಗಡಿಯಾರ ಹಾಕಿದರೆ ಕಣ್ಣು ಅದರ ಮೇಲೆ, ಹೊಲಿಗೆ ಸೊಟ್ಟ ಎಂದು ಮಾಲೀಕರು ಎಂದೋ ತೆಗೆಸಿದ್ದರು. ಕೈಗಡಿಯಾರವನ್ನೂ ಬಾಗಿಲ ಬಳಿಯ ತಗಡಿನ ಪೆಟ್ಟಿಗೆಯಲ್ಲಿ ಬಿಚ್ಚಿಡಬೇಕು. ಪಟ್ಟಿಯ ಕೊಂಡಿ ತಗುಲಿದರೆ ರೇಷ್ಮೆ ಎಳೆ ಬಿಡುತ್ತದೆ. ಆದರೆ ಹಾಲ್‌ನ ಕೊನೆಯಲ್ಲಿ ಮೂರು ಮೆಟ್ಟಿಲ ಮೇಲೆ ಒಂದು ಎತ್ತರದ ಕುರ್ಚಿ ಇತ್ತು, ಅದರ ಪಕ್ಕಕ್ಕೊಂದು ಕಿರುಕಿಟಕಿ. ಆ ಕಿಟಕಿಯಿಂದ ಮಾತ್ರ ಊರಿನ ಗಡಿಯಾರದ ಗೋಪುರ ಕಾಣುತ್ತದೆ ಎಂಬ ಮಾತಿತ್ತು. ಕುರ್ಚಿಯಲ್ಲಿ ಕೂತವರು ತಮ್ಮ ಕೆಲಸ ಮಾಡುತ್ತಲೇ ಆಗಾಗ ಹೊರಗೆ ನೋಡಿ, ಬಿಡುವಿನ ಹೊತ್ತು, ಊಟದ ಹೊತ್ತು, ಮನೆಗೆ ಹೋಗುವ ಹೊತ್ತು ಕೂಗಿ ಹೇಳಬೇಕು. ಒಮ್ಮೆ ಮಾಲೀಕರು ಸೈರನ್ ತರಿಸುತ್ತೇನೆ ಎಂದು ಹೊರಟಾಗ ಜನರೇ, "ಬೇಡ ಸ್ವಾಮಿ, ನಾವೇ ನೋಡ್ಕೋತೀವಿ" ಎಂದು ಕೈಮುಗಿದು, ತಮಗೆ ತಾವೇ ಒಂದು ನಿಯಮ ಹಾಕಿಕೊಂಡಿದ್ದರು. ಕುರ್ಚಿ ಹೇಳಿದ ಹೊತ್ತಿಗೆ ತಡವಾಗಿ ಬಂದವರು ಒಂದು ತಿಂಗಳು ಮೇಣದ ಕೋಣೆಯಲ್ಲಿ ಕೆಲಸ ಮಾಡಬೇಕು. ಕಾದ ಮೇಣದ ಹಬೆಗೆ ಹೆದರಿ ಯಾರೂ ತಡಮಾಡುತ್ತಿರಲಿಲ್ಲ.

ಹದಿನೇಳು ವರ್ಷ ಆ ಕುರ್ಚಿಯಲ್ಲಿ ಕೂತದ್ದು ದೊಡ್ಡಮ್ಮ ಎಂದು ಎಲ್ಲರೂ ಕರೆಯುತ್ತಿದ್ದ ಮುದುಕಿ. ಅವಳ ಹೊತ್ತು ಒಂಥರಾ ಸೊಗಸಾಗಿತ್ತು. ಎಲ್ಲರೂ ಸೋತ ದಿನ ಸಂಜೆ ಬೇಗ ಬರುತ್ತಿತ್ತು. ಹರಟೆಯಲ್ಲಿ ಕೈ ಹಗುರವಾಗಿ ಓಡಿದ ದಿನ ಸಂಜೆ ತಡವಾಗುತ್ತಿತ್ತು. ಹೊರಗೆ ಹೋಗುವಾಗ ಜನ ಪೆಟ್ಟಿಗೆಯಿಂದ ಕೈಗಡಿಯಾರ ತೆಗೆದು, ದೊಡ್ಡಮ್ಮ ಹೇಳಿದ ಹೊತ್ತಿಗೆ ಮುಳ್ಳು ತಿರುಗಿಸಿಕೊಳ್ಳುತ್ತಿದ್ದರು. ಬೀದಿಯ ತಿರುವಿನಲ್ಲಿ ಗೋಪುರ ಕಂಡರೆ, "ಗೋಪುರ ಯಾಕೋ ಹಿಂದೆ ಬಿದ್ದಿದೆ, ರಿಪೇರಿ ಮಾಡಿಸಬಾರದಾ" ಅಂದುಕೊಂಡು ಮುಂದೆ ನಡೆಯುತ್ತಿದ್ದರು. ತಮಾಷೆಗೆ ಅಂದದ್ದಲ್ಲ, ನಿಜವಾಗಿ ಬೇಜಾರು ಮಾಡಿಕೊಂಡು ಅನ್ನುತ್ತಿದ್ದರು.

ದೊಡ್ಡಮ್ಮನಿಗೆ ವಯಸ್ಸಾಯಿತು, ಕೆಲಸ ಬಿಟ್ಟಳು. ಕುರ್ಚಿಗೆ ಯಾರು ಎಂದು ತೀರ್ಮಾನ ಮಾಡುವುದಕ್ಕೆ ಅಲ್ಲಿ ಒಂದು ಪದ್ಧತಿ. ಕುರ್ಚಿ ಬೇಕೆನ್ನುವವರು ಒಂದೊಂದು ಕೊಡೆ ಬಿಚ್ಚಿ ನಿಲ್ಲಬೇಕು. ಯಾರ ಕೊಡೆಯ ಕೆಳಗೆ ಹೆಚ್ಚು ಜನ ಸೇರುತ್ತಾರೋ ಅವರದು ಕುರ್ಚಿ. ಅವತ್ತು ಹಾಲ್‌ನ ಬಾಗಿಲ ಕಡೆ ಕೂರುವವರ ಪರವಾಗಿ ಬಟ್ಟೆಗೆ ಇಸ್ತ್ರಿ ಹಾಕುವ ಇಸ್ತ್ರಿಯಣ್ಣ ನಿಂತ, ಕುರ್ಚಿಯ ಕಿಟಕಿ ಕಡೆ ಕೂರುವವರ ಪರವಾಗಿ ಹಿಡಿ ಕೂರಿಸುವ ಹಿಡಿಯಕ್ಕ ನಿಂತಳು.

"ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡಿದನಂತೆ. ಇವನಿಗೆ ಕುರ್ಚಿ ಕೊಟ್ಟು ನೋಡಿ, ಗೊತ್ತಾಗತ್ತೆ" ಅಂದಳು ಹಿಡಿಯಕ್ಕ.

"ಕೊಡೆ ಕಾರ್ಖಾನೇಲಿ ಕೊಡೆ ಹಿಡೀದೆ ಪೊರಕೆ ಹಿಡೀಲಾ?" ಅಂದ ಇಸ್ತ್ರಿಯಣ್ಣ.

ಜನ ನಕ್ಕರು, ಆದರೆ ಎರಡೂ ಕಡೆ ತಲೆ ಸಮ ಸಮ ಬಂತು. ಯಾರೂ ಜಗ್ಗಲಿಲ್ಲ. ಮೌನಕ್ಕ ಇದ್ಯಾವುದರ ಗೊಡವೆಯೂ ಇಲ್ಲದೆ ನಡುವಿನ ಮೇಜಿನ ಹತ್ತಿರ, ಸ್ಪ್ರಿಂಗ್ ಸಿಕ್ಕಿಹಾಕಿಕೊಂಡಿದ್ದ ಒಂದು ನೀಲಿ ಕೊಡೆಯನ್ನು ಮಡಿಸುತ್ತ ಬಿಚ್ಚುತ್ತ ಇದ್ದಳು. ಕೊನೆಗೆ ಅದು ಟಪ್ ಎಂದು ಬಿಚ್ಚಿಕೊಂಡಿತು. ಆಗ ಅವಳ ನಾದಿನಿ ಓಡಿಬಂದು ಆ ಕೊಡೆಯ ಕೆಳಗೆ ತೂರಿದಳು. ನಾದಿನಿ ಅಂದರೆ ಗಂಡನ ತಂಗಿ; ಅದೇ ಮನೆ, ಅದೇ ಕಾರ್ಖಾನೆ, ಬಟ್ಟೆ ಕತ್ತರಿಸುವ ಕೆಲಸ. ಅವಳು ಬಂದದ್ದು ಒಂದು ಮಾತು ಕೇಳುವುದಕ್ಕೆ.

"ಅತ್ತಿಗೆ, ಡಬ್ಬಿ ಮುಚ್ಚಳ ಸರಿಯಾಗಿ ಹಾಕಿದ್ಯಾ ಇಲ್ವಾ? ಚೀಲವೆಲ್ಲ ಒದ್ದೆ ಆಗಿದೆ ನೋಡು."

ಅಷ್ಟು ಸಾಕಾಯಿತು. ಇಸ್ತ್ರಿಯಣ್ಣನ ಮೇಲೆ ಒಳಗೊಳಗೇ ಮುನಿಸಿದ್ದ ಇಬ್ಬರು ಇದನ್ನು ಕಂಡು, "ಓ, ಇವಳೂ ನಿಂತಿದ್ದಾಳೆ" ಎಂದು ನೀಲಿ ಕೊಡೆಯ ಕೆಳಗೆ ಬಂದರು. ಅವರನ್ನು ನೋಡಿ ಹಿಡಿಯಕ್ಕನ ಕಡೆಯ ಮೂವರು ಬಂದರು. ಎದುರಾಳಿ ಗೆಲ್ಲುವುದಕ್ಕಿಂತ ಮೂರನೆಯವಳು ಗೆಲ್ಲುವುದು ವಾಸಿ ಎಂದು ಎರಡೂ ಕಡೆಯವರಿಗೂ ಒಟ್ಟಿಗೇ ಹೊಳೆಯಿತು. ಸ್ವಲ್ಪ ಹೊತ್ತಿಗೆ ಒಂದು ಕೊಡೆಯ ಕೆಳಗೆ ಮೂವತ್ತು ಜನ ಒತ್ತಿಕೊಂಡಿದ್ದರು. "ಕಡಿಮೆ ಮಾತಾಡೋ ಬಾಯಿ, ಸುಳ್ಳೂ ಕಡಿಮೆ" ಎಂದು ಯಾರೋ ಅಂದರು. "ಅಯ್ಯೋ, ನಾನು ಸ್ಪ್ರಿಂಗ್..." ಎಂದಳು ಮೌನಕ್ಕ. ಚಪ್ಪಾಳೆಯಲ್ಲಿ ಆ ಮಾತು ಯಾರಿಗೂ ಕೇಳಲಿಲ್ಲ.

ಹೋಗುವ ಮುಂಚೆ ದೊಡ್ಡಮ್ಮ ಅವಳ ಕೆನ್ನೆ ಹಿಡಿದು ಕಿವಿಯಲ್ಲಿ ಹೇಳಿದಳು: "ಕಣ್ಣು ಕಿಟಕಿ ಕಡೆ ಇರಲಿ, ಕಿವಿ ಹಾಲ್ ಕಡೆ ಇರಲಿ. ಮಿಕ್ಕಿದ್ದು ತಾನಾಗೇ ಬರತ್ತೆ ಮಗಳೇ."

ಮಾರನೆಯ ದಿನ ಮೌನಕ್ಕ ಮೂರು ಮೆಟ್ಟಿಲು ಹತ್ತಿ ಕುರ್ಚಿಯಲ್ಲಿ ಕೂತು, ಕಿಟಕಿಯ ಹೊರಗೆ ನೋಡಿದಳು. ಅಲ್ಲಿ ಗೋಪುರ ಇರಲಿಲ್ಲ. ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಒಂದು ಹಳದಿ ಗೋಡೆ ಇತ್ತು, ಗೋಡೆಯ ಮೇಲೆ ಒಂದು ನೀರಿನ ಪೈಪು. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಬಗ್ಗಿ ನೋಡಿದಳು. ಎಲ್ಲಿ ನೋಡಿದರೂ ಗೋಡೆ. ಅದು ಹೊಸ ಗೋಡೆಯೂ ಅಲ್ಲ. ನೀರು ಸೋರಿ ಕಲೆ ಬಿದ್ದು, ಸುಣ್ಣ ಎದ್ದು, ಪೈಪಿನ ಬುಡದಲ್ಲಿ ಗಿಡ ಹುಟ್ಟಿತ್ತು. ಏನಿಲ್ಲವೆಂದರೂ ಐದಾರು ವರ್ಷದ್ದು. ಅಷ್ಟೂ ವರ್ಷ ದೊಡ್ಡಮ್ಮ ಅದನ್ನೇ ನೋಡುತ್ತ ಹೊತ್ತು ಹೇಳಿದ್ದಳು.

ಮೌನಕ್ಕ ಹೇಳಿಬಿಡೋಣ ಎಂದು ತಿರುಗಿದಳು. ಕೆಳಗೆ ಎಲ್ಲ ಮುಖಗಳೂ ಬಿಡುವಿನ ಹೊತ್ತಿಗೆ ಕಾದು ಅವಳತ್ತಲೇ ಎತ್ತಿಕೊಂಡಿದ್ದವು. ಹಸಿರು ಮುಖ, ಕೆಂಪು ಮುಖ, ಅರ್ಧ ಹಳದಿ ಅರ್ಧ ನೀಲಿ ಮುಖ. ನಾದಿನಿಯಂತೂ ಹಲ್ಲು ಬಿಟ್ಟು ನಗುತ್ತ, ನಮ್ಮತ್ತಿಗೆ ನೋಡಿ ಎನ್ನುವ ಹಾಗೆ ಕೂತಿದ್ದಳು. ಮೌನಕ್ಕ ಸುಮ್ಮನೆ ಕಿವಿಗೊಟ್ಟಳು. ಕತ್ತರಿಗಳ ಸದ್ದು ನಿಧಾನವಾಗಿತ್ತು. ಯಾರೋ ಆಕಳಿಸಿದರು. ಯಾವುದೋ ಸ್ಟೂಲು ಎರಡು ಸಲ ಕಿರುಗುಟ್ಟಿತು.

"ಹತ್ತೂವರೆ" ಅಂದಳು.

ಹಾಲ್ ಪೂರ್ತಿ ಒಂದೇ ಉಸಿರು ಬಿಟ್ಟು ಎದ್ದಿತು. ಆ ಕ್ಷಣ ಅವಳಿಗೆ ಹೆದರಿಕೆ ಆಯಿತು ನಿಜ. ಆದರೆ ಹೆದರಿಕೆಗಿಂತ ಹೆಚ್ಚಾಗಿ ಸುಖವಾಯಿತು. ಮನೆಯಲ್ಲಿ ಹಾಲು ಉಕ್ಕುತ್ತಿದೆ ಎಂದರೂ ಯಾರೂ ತಿರುಗಿ ನೋಡದ ಹೆಂಗಸು ಅವಳು. ಒಂದು ಮಾತಿಗೆ ಇಷ್ಟು ಜನ ಎದ್ದು ನಿಂತದ್ದನ್ನು ಕಂಡು ಅವಳ ಮೈ ಬೆಚ್ಚಗಾಯಿತು.

ಸಂಜೆ ನಾದಿನಿಗೆ ಹೇಳಬೇಕು ಅಂದುಕೊಂಡಳು. ಅವರಿಬ್ಬರ ನಡುವೆ ಮುಚ್ಚುಮರೆ ಇರಲಿಲ್ಲ. ಮೌನಕ್ಕ ಬಾಯಿ ಬಿಡುತ್ತಿದ್ದದ್ದೇ ಅವಳೊಬ್ಬಳ ಹತ್ತಿರ. ಗಂಡ ಗೊರಕೆ ಹೊಡೆಯುವುದರಿಂದ ಹಿಡಿದು ಕಳೆದುಕೊಂಡ ಮಗುವಿನವರೆಗೆ ಎಲ್ಲವನ್ನೂ ಹೇಳಿದ್ದು ನಾದಿನಿಗೇ. ಆದರೆ ಸಂಜೆ ನಾದಿನಿ ದಾರಿಯುದ್ದಕ್ಕೂ, "ಎಷ್ಟು ಚೆನ್ನಾಗಿ ಕೂಗಿದೆ ಅತ್ತಿಗೆ! ಗೋಪುರ ಅಲ್ಲಿಂದ ದೊಡ್ಡದಾಗಿ ಕಾಣತ್ತಾ? ಮುಳ್ಳು ಅಲ್ಲಾಡೋದೂ ಕಾಣತ್ತಾ?" ಎಂದು ಕೇಳುತ್ತಲೇ ಇದ್ದಳು. "ಹೂಂ" ಅಂದಳು ಮೌನಕ್ಕ. ನಾಳೆ ಹೇಳಿದರಾಯಿತು ಅಂದುಕೊಂಡಳು. ನಾಳೆಗೆ ಅದು ಇನ್ನಷ್ಟು ಕಷ್ಟವಾಯಿತು, ನಾಡಿದ್ದಿಗೆ ಬಿಸಿತುಪ್ಪವಾಯಿತು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಹೀಗೆ ಮೂರು ತಿಂಗಳು ಹೋಯಿತು. ಮೌನಕ್ಕ ಕೈಯಲ್ಲಿ ತುದಿ ಬಿಗಿಯುತ್ತ, ಕಿವಿಯಲ್ಲಿ ಹಾಲ್ ಕೇಳುತ್ತ, ಹೊತ್ತು ಹೇಳುವುದನ್ನು ಕಲಿತಳು. ಇಸ್ತ್ರಿಯಣ್ಣ ಕೆಮ್ಮಿದರೆ ಹನ್ನೊಂದೂಕಾಲು. ಹಿಡಿಯಕ್ಕ ಸೊಸೆಯನ್ನು ಬೈಯುವುದಕ್ಕೆ ಶುರುಮಾಡಿದರೆ ನಾಲ್ಕು. ಅವಳ ಮೆಟ್ಟಿಲನ್ನು ಯಾರೋ ದಿನಾ ಗುಡಿಸಿರುತ್ತಿದ್ದರು. ಅವಳ ದಾರದ ಉಂಡೆ ಖಾಲಿಯಾಗುವ ಮೊದಲೇ ಹೊಸದು ಬಂದು ಕೂತಿರುತ್ತಿತ್ತು. "ಅಮ್ಮನಿಗೆ ಹುಷಾರಿಲ್ಲ, ಇವತ್ತು ಗೋಪುರ ಸ್ವಲ್ಪ ಕರುಣೆ ತೋರಿಸ್ಬೋದಾ" ಎಂದು ಒಬ್ಬಳು ಕೇಳಿದಳು, ಗೋಪುರ ತೋರಿಸಿತು. ಬಾಗಿಲ ಕಡೆಯವರಿಗೆ ಒಂದು ದಿನ ಒಳ್ಳೆಯದಾದರೆ ಕಿಟಕಿ ಕಡೆಯವರಿಗೆ ಮರುದಿನ. ಅವಳು ದೊಡ್ಡಮ್ಮನಿಗಿಂತ ನ್ಯಾಯವಂತಳು ಎಂದು ಜನ ಹೊಗಳಿದರು. ಅವಳೂ ಅದನ್ನು ನಂಬಿದಳು.

ಇನ್ನೊಂದು ವಿಚಿತ್ರ ಆಯಿತು. ದಿನಾ ನೋಡಿ ನೋಡಿ ಆ ಹಳದಿ ಗೋಡೆಯ ಕಲೆಗಳು ಮಧ್ಯಾಹ್ನದ ಮಂಪರಿನಲ್ಲಿ ದುಂಡಗಾಗತೊಡಗಿದವು. ಒಂದು ಕಲೆಯ ಅಂಚಿನಲ್ಲಿ ಅಂಕಿಗಳು ಮೂಡಿದ ಹಾಗೆ, ಪೈಪಿನ ನೆರಳು ಮುಳ್ಳಿನ ಹಾಗೆ ಮೆಲ್ಲಗೆ ಸರಿದ ಹಾಗೆ. ಸೂಜಿ ಹಿಡಿದ ಕೈ ತಾನಾಗಿ ಓಡುತ್ತಿತ್ತು, ಮೈ ಮೇಲಿನ ನೀಲಿ ಬೆಳಕು ನೀರಿನ ಹಾಗೆ ಅಲುಗುತ್ತಿತ್ತು, ಗೋಡೆಯೊಳಗಿನಿಂದ ಟಿಕ್ ಟಿಕ್ ಕೇಳುತ್ತಿತ್ತು. ಅಂಥ ಹೊತ್ತಿನಲ್ಲಿ ಅವಳಿಗೆ ತಾನು ಸುಳ್ಳು ಹೇಳುತ್ತಿದ್ದೇನೆ ಅಂತಲೇ ಅನ್ನಿಸುತ್ತಿರಲಿಲ್ಲ. ಕಂಡದ್ದನ್ನು ಹೇಳುತ್ತಿದ್ದೇನೆ ಅನ್ನಿಸುತ್ತಿತ್ತು.

ಒಂದು ದಿನ ಊಟದ ಬಿಡುವು ಕೂಗಿದ ಮೇಲೆ ಮೇಸ್ತ್ರಿ ಬಂದ. ಮಾಲೀಕರ ಪರವಾಗಿ ಹಾಲ್ ನೋಡಿಕೊಳ್ಳುವವನು. ಮೆದು ಮಾತಿನ, ಸದಾ ಕೈಯಲ್ಲಿ ಅಳತೆಪಟ್ಟಿ ಸುತ್ತಿಕೊಂಡಿರುವ ಮನುಷ್ಯ. ಮೆಟ್ಟಿಲ ಕೆಳಗೆ ನಿಂತು, "ಮುನ್ನೂರು ಕೊಡೆ ನಾಳೆ ಬೆಳಿಗ್ಗೆ ಹೊರಡಬೇಕು. ನಿಮ್ಮ ಗಡಿಯಾರ ಈಗ ಸ್ವಲ್ಪ ಚುರುಕಾಗಿದ್ರೆ, ಕೊಡೆ ಮುಗಿದ ಮೇಲೆ ಸಂಜೆ ಎಷ್ಟು ಚುರುಕಾದ್ರೂ ನಾನು ಕೇಳಲ್ಲ" ಅಂದ. ಹೇಳುವಾಗ ಅವನು ಕಿಟಕಿಯ ಕಡೆ ಒಮ್ಮೆಯೂ ನೋಡಲಿಲ್ಲ. ಇವನಿಗೆ ಗೊತ್ತು ಎಂದು ಮೌನಕ್ಕನಿಗೆ ಆಗ ತಿಳಿಯಿತು. ಒಂದು ಕಡೆ ಕೊಟ್ಟು ಇನ್ನೊಂದು ಕಡೆ ಪಡೆದರೆ ಜನಕ್ಕೇ ಒಳ್ಳೆಯದಲ್ಲವೇ ಎಂದು ಲೆಕ್ಕ ಹಾಕಿ, ಅಂಗಳದ ಕಡೆ ಮುಖ ಮಾಡಿ, "ಎರಡು ಗಂಟೆ" ಎಂದು ಕೂಗಿದಳು.

ಅಂಗಳದಲ್ಲಿ ಉಣ್ಣುತ್ತಿದ್ದವರು ಡಬ್ಬಿ ಮುಚ್ಚಿ, ಕೈ ತೊಳೆದು, ಒಬ್ಬೊಬ್ಬರಾಗಿ ಒಳಗೆ ಬಂದು ಕೂತರು. ಕೆಲವರ ಬಾಯಲ್ಲಿ ತುತ್ತು ಇನ್ನೂ ಇತ್ತು.  ಒಂದು ಸ್ಟೂಲು ಮಾತ್ರ ಖಾಲಿ ಉಳಿಯಿತು.

ಅದು ನಾದಿನಿಯದು. ಮೌನಕ್ಕನ ಗಂಡ ಗೋಪುರದ ಬುಡದಲ್ಲಿ ಬೀಗ ರಿಪೇರಿ ಅಂಗಡಿ ಇಟ್ಟಿದ್ದ. ಅವನಿಗೆ ದಿನಾ ಊಟದ ಡಬ್ಬಿ ಮುಟ್ಟಿಸುವುದು ಮೊದಲು ಮೌನಕ್ಕನ ಕೆಲಸ. ಕುರ್ಚಿ ಬಂದ ಮೇಲೆ ನಾದಿನಿ ಅದನ್ನು ಕೇಳದೆಯೇ ವಹಿಸಿಕೊಂಡಿದ್ದಳು. ಇದು ಮೌನಕ್ಕನಿಗೆ ನೆನಪಾದದ್ದು ಕೂಗಿದ ಮೇಲೆ. ಸೂಜಿ ಬೆರಳಿಗೆ ಚುಚ್ಚಿತು.

ನಾದಿನಿ ಬಂದಾಗ ಎಲ್ಲರ ಕೈ ಆಗಲೇ ಓಡುತ್ತಿತ್ತು. ಬಾಗಿಲಲ್ಲಿ ನಿಂತು ಏದುಸಿರು ಬಿಟ್ಟಳು. ಅವಳ ಎದೆ ಸ್ವಲ್ಪ ಧೂಳಿಗೂ ದಮ್ಮು ಕಟ್ಟುವಂಥದು, ಆದರೂ ಓಡುವುದನ್ನು ಬಿಟ್ಟವಳಲ್ಲ.

"ಇದೇನಿದು, ಎಲ್ಲ ಇಷ್ಟು ಬೇಗ ಕೂತಿದ್ದೀರಿ? ಯಾರಾದ್ರೂ ಸತ್ತರಾ?" ಅಂದಳು.

"ನೀವು ತಡವಾಗಿ ಬಂದಿದ್ದೀರಿ" ಅಂದ ಮೇಸ್ತ್ರಿ.

"ತಡಾನಾ? ಗೋಪುರದ ಕೆಳಗಿಂದಲೇ ಬರ್ತಿದ್ದೀನಿ. ಕಣ್ಣಾರೆ ನೋಡಿದೆ, ಎರಡಕ್ಕೆ ಐದು ನಿಮಿಷ ಇತ್ತು."

ಕತ್ತರಿಗಳು ನಿಂತವು. ಮೇಸ್ತ್ರಿ ಅಳತೆಪಟ್ಟಿಯನ್ನು ಬೆರಳಿಗೆ ಸುತ್ತುತ್ತ, "ಈಗ ಎಷ್ಟು ಹೊತ್ತು?" ಎಂದು ಕುರ್ಚಿಯ ಕಡೆ ಕೇಳಿದ.

ಮೌನಕ್ಕ ಕಿಟಕಿಯ ಕಡೆ ತಿರುಗಿದಳು. ಗೋಡೆ ಬರೀ ಗೋಡೆಯಾಗಿತ್ತು. ನಾದಿನಿ ಹೇಳಿದ್ದೇ ಸರಿ ಎಂದರೆ ತಾನು ನೋಡುತ್ತಿರುವುದೇನು ಎಂಬ ಪ್ರಶ್ನೆ ಬರುತ್ತದೆ. ಕುರ್ಚಿ ಹೋಗುತ್ತದೆ, ನಾಳೆ ಸೈರನ್ ಬರುತ್ತದೆ, ಹುಷಾರಿಲ್ಲದ ಅಮ್ಮಂದಿರಿಗಾಗಿ ಬೇಗ ಆಗುವ ಸಂಜೆಗಳು ಹೋಗುತ್ತವೆ. ಹೀಗೆಲ್ಲ ಯೋಚಿಸಿದಳು. ಅದರ ಅಡಿಯಲ್ಲಿ ಇನ್ನೊಂದು ಯೋಚನೆಯೂ ಇತ್ತು, ಅದನ್ನೂ ಹೇಳಿಬಿಡುತ್ತೇನೆ: ಮೆಟ್ಟಿಲು ಇಳಿದು ಮತ್ತೆ ಹಳೆಯ ಸ್ಟೂಲಿನಲ್ಲಿ ಕೂರುವುದು ಅವಳಿಗೆ ಬೇಡವಾಗಿತ್ತು.

"ಎರಡು ಹತ್ತು" ಅಂದಳು.

ನಾದಿನಿ ನಕ್ಕಳು. "ಅತ್ತಿಗೆ, ಸರಿಯಾಗಿ ನೋಡೇ. ನೀನು ನೋಡೋದೂ ಅದೇ ಗೋಪುರ, ನಾನು ನೋಡಿದ್ದೂ ಅದೇ ಗೋಪುರ. ಎರಡು ಹೊತ್ತು ಹೇಗಿರತ್ತೆ?"

"ಎರಡು ಹತ್ತೇ" ಅಂದ ಇಸ್ತ್ರಿಯಣ್ಣ ತಲೆ ಎತ್ತದೆ.

"ಹೌದೌದು, ಎರಡು ಹತ್ತೇ ಇರಬೇಕು" ಅಂದಳು ಹಿಡಿಯಕ್ಕ. ಅವರಿಬ್ಬರೂ ಒಂದೇ ಮಾತು ಆಡಿದ್ದು ಅದೇ ಮೊದಲು.

"ಬೇಕಾದ್ರೆ ನಾನೇ ನೋಡ್ತೀನಿ, ಇರಿ" ಎಂದು ನಾದಿನಿ ಬಿರಬಿರನೆ ನಡೆದುಬಂದು ಮೂರು ಮೆಟ್ಟಿಲು ಹತ್ತಿದಳು. ಕುರ್ಚಿಯ ತೋಳಿಗೆ ಕೈಯೂರಿ, ಮೌನಕ್ಕನ ಭುಜದ ಮೇಲಿಂದ ಬಗ್ಗಿ ಕಿಟಕಿಯ ಹೊರಗೆ ನೋಡಿದಳು. ಅವಳ ಕೂದಲಿನಿಂದ ಬೀದಿಯ ಬಿಸಿಲಿನ ವಾಸನೆ ಬರುತ್ತಿತ್ತು. ಉಸಿರು ಮೌನಕ್ಕನ ಕಿವಿಯ ಪಕ್ಕ ಸಣ್ಣಗೆ ಸಿಳ್ಳೆ ಹಾಕುತ್ತಿತ್ತು. ಬಹಳ ಹೊತ್ತು ನೋಡಿದಳು. ಎಡಕ್ಕೆ ಬಗ್ಗಿದಳು, ಬಲಕ್ಕೆ ಬಗ್ಗಿದಳು, ಮೌನಕ್ಕ ಮೊದಲ ದಿನ ಬಗ್ಗಿದ ಹಾಗೆಯೇ.

ಆಮೇಲೆ ಹಾಲ್ ಕಡೆ ತಿರುಗಿದಳು. ಎಲ್ಲ ತಲೆಗಳೂ ಕೆಲಸದ ಮೇಲೆ ಬಗ್ಗಿದ್ದವು. ಏನು ಕಂಡಿತು ಎಂದು ಒಬ್ಬರೂ ಕೇಳಲಿಲ್ಲ. ತಿಳಿದುಕೊಳ್ಳುವ ಕುತೂಹಲ ಒಂದು ಮುಖದಲ್ಲೂ ಇರಲಿಲ್ಲ. ನಾದಿನಿ ಒಂದೊಂದು ಮೇಜನ್ನೂ ನೋಡುತ್ತ ಹೋದಳು. ಅವಳಿಗೆ ಅರ್ಥವಾಗುತ್ತಿರುವುದು ಮೌನಕ್ಕನಿಗೆ ಕಾಣುತ್ತಿತ್ತು. ಇಲ್ಲಿ ಗೋಪುರ ಕಾಣುತ್ತದೆ ಎಂದು ನಿಜವಾಗಿ ನಂಬಿದ್ದವಳು ಅವಳೊಬ್ಬಳೇ.

"ಎರಡು ಹತ್ತೇ" ಅಂದಳು ನಾದಿನಿ. "ನಂದೇ ತಪ್ಪು."

ಮೆಟ್ಟಿಲು ಇಳಿದು, ತನ್ನ ಮೇಜಿನಿಂದ ಕತ್ತರಿ ತೆಗೆದುಕೊಂಡು, ಯಾರೂ ಹೇಳುವ ಮೊದಲೇ ಮೇಣದ ಕೋಣೆಗೆ ನಡೆದಳು. ಬಾಗಿಲು ತೆರೆದಾಗ ಬಿಳಿ ಹಬೆ ಹೊರಗೆ ಬಂತು, ಮುಚ್ಚಿದಾಗ ಒಳಗೆ ಹೋಯಿತು. ಮೌನಕ್ಕ ಆ ದಿನ ಸಂಜೆಯನ್ನು ಬಹಳ ಬೇಗ ತಂದಳು. ಎಷ್ಟು ಬೇಗವೆಂದರೆ ಹೊರಗೆ ಬಿಸಿಲು ಇನ್ನೂ ಚುರುಗುಡುತ್ತಿತ್ತು. ಜನ ಖುಷಿಯಿಂದ ಕೈಗಡಿಯಾರಗಳ ಮುಳ್ಳು ತಿರುಗಿಸಿಕೊಂಡು ಮನೆಗೆ ಹೋದರು.

ದಾರಿಯುದ್ದಕ್ಕೂ ನಾದಿನಿ ಕೆಮ್ಮುತ್ತಿದ್ದಳು. ಗೋಪುರ ಕಾಣುವ ತಿರುವು ಬಂದಾಗ ಅವಳು ತಲೆ ಎತ್ತಲೇ ಇಲ್ಲ.

"ಆ ಗೋಡೆ ಯಾವಾಗಿಂದ ಇದೆ?" ಎಂದು ಕೊನೆಗೆ ಕೇಳಿದಳು.

"ಮೊದಲ ದಿನದಿಂದಾನೂ."

"ನಂಗೆ ಒಂದು ಮಾತು ಹೇಳಬಾರದಿತ್ತಾ? ನಾನು ಯಾರಿಗೆ ಹೇಳ್ತಿದ್ದೆ?"

"ಹೇಳೋಣ ಅಂತಲೇ ಇದ್ದೆ. ನೀನು ಯಾಕೆ ಎರಡು ಹತ್ತು ಅಂದೆ? ಗೋಡೆ ಇದೆ ಅನ್ನಬೋದಿತ್ತಲ್ಲ."

"ಅಂದಿದ್ರೆ ನೀನು ಅಷ್ಟು ಜನರ ಮುಂದೆ ಎಲ್ಲಿ ಮುಖ ಇಟ್ಕೋತಿದ್ದೆ?" ಅಂದಳು ನಾದಿನಿ. ಅಷ್ಟೇ. ಕೋಪ ಮಾಡಿಕೊಂಡಿದ್ದರೆ ಮೌನಕ್ಕನಿಗೆ ಎಷ್ಟೋ ಹಗುರವಾಗುತ್ತಿತ್ತು.

ಬೆಳಿಗ್ಗೆ ಹೊರಡುವ ಹೊತ್ತಿಗೆ ನಾದಿನಿಗೆ ಒಂದು ಮೆಟ್ಟಿಲು ಹತ್ತಿದರೆ ನಿಂತು ಸುಧಾರಿಸಿಕೊಳ್ಳಬೇಕಾಗಿತ್ತು. ಇನ್ನೂ ಇಂಥ ಇಪ್ಪತ್ತೊಂಬತ್ತು ದಿನ ಇವಳ ಎದೆ ತಡೆಯುವುದಿಲ್ಲ ಎಂದು ಮೌನಕ್ಕನಿಗೆ ಸ್ಪಷ್ಟವಾಗಿ ತಿಳಿಯಿತು. ಇವತ್ತು ನಿಜ ಹೇಳಿಬಿಡುತ್ತೇನೆ, ಕುರ್ಚಿ ಹೋದರೆ ಹೋಗಲಿ, ನಾದಿನಿ ಹೊರಗೆ ಬರಲಿ. ದಾರಿಯುದ್ದಕ್ಕೂ ಇದನ್ನೇ ಬಾಯಿಪಾಠ ಮಾಡಿಕೊಂಡು ಹೋದಳು.

ಕುರ್ಚಿಯಲ್ಲಿ ಕೂತಳು. ಬಣ್ಣಗಳು ಎಂದಿನಂತೆ ಮುಖಗಳ ಮೇಲೆ ತೇಲುತ್ತಿದ್ದವು. ಕತ್ತರಿಗಳು ನಿಧಾನವಾದವು, ಸ್ಟೂಲು ಕಿರುಗುಟ್ಟಿತು, ಎಲ್ಲರೂ ತಲೆ ಎತ್ತಿದರು.

"ಗೋಡೆ ಕಾಣ್ತಿದೆ" ಅಂದಳು ಮೌನಕ್ಕ. ಅವಳ ದನಿ ಅವಳಿಗೇ ದೂರದಿಂದ ಬಂದ ಹಾಗಿತ್ತು. "ಹಳದಿ ಗೋಡೆ. ಗೋಪುರ ಇಲ್ಲ, ಗಡಿಯಾರ ಇಲ್ಲ. ನಾನು ಒಂದು ದಿನವೂ ಗಡಿಯಾರ ನೋಡಿಲ್ಲ. ನೀವೇ ಬಂದು ನೋಡಿ."

 ಮೇಲಿನ ಕೊಡೆಗಳು ಮೆಲ್ಲಗೆ ಒಂದು ಸುತ್ತು ತಿರುಗಿದವು. ಇಸ್ತ್ರಿಯಣ್ಣ ಹಿಡಿಯಕ್ಕನ ಮುಖ ನೋಡಿದ, ಹಿಡಿಯಕ್ಕ ಮೇಸ್ತ್ರಿಯ ಮುಖ ನೋಡಿದಳು.

"ಹಾಗಾದ್ರೆ ಹತ್ತೂವರೆ ಆಯ್ತು ಅಂತ ಅರ್ಥ" ಅಂದ ಮೇಸ್ತ್ರಿ.

ಎಲ್ಲರೂ ಎದ್ದು ಬಿಡುವಿಗೆ ಹೋದರು. ಹೋಗುವಾಗ ಒಬ್ಬಳು ಅವಳ ಮೆಟ್ಟಿಲ ಮೇಲೆ ಬಿದ್ದಿದ್ದ ದಾರದ ಚೂರನ್ನು ಹೆಕ್ಕಿಕೊಂಡು ಹೋದಳು.

ಮೌನಕ್ಕನಿಗೆ ಅಳು ಬಂತು, ನಗುವೂ ಬಂತು. ಇವರಿಗೆ ನಿಜ ಹೇಳಿ ಪ್ರಯೋಜನವಿಲ್ಲ. ಇವರು ಕೇಳಿಸಿಕೊಳ್ಳುವುದು ಹೊತ್ತನ್ನು ಮಾತ್ರ. ಪಕ್ಕದ ಕೋಣೆಯಿಂದ ಕೆಮ್ಮು ಕೇಳುತ್ತಲೇ ಇತ್ತು, ಒಂದು ಮುಗಿಯುವ ಮೊದಲೇ ಇನ್ನೊಂದು. ಜನ ಬಿಡುವು ಮುಗಿಸಿ ಬಂದು ಕೂರುವವರೆಗೆ ಅವಳು ಕಾದಳು. ಆಮೇಲೆ ಕಿಟಕಿಯ ಕಡೆ ನೋಡುವ ಶಾಸ್ತ್ರವನ್ನೂ ಮಾಡದೆ, "ತಿಂಗಳು ಆಯ್ತು" ಅಂದಳು.

"ಏನು ತಿಂಗಳು?" ಅಂದ ಮೇಸ್ತ್ರಿ.

"ಮೇಣದ ಕೋಣೆ ತಿಂಗಳು. ನಾದಿನೀದು. ಇವತ್ತಿಗೆ ಮುಗೀತು. ಹೊರಗೆ ಕರೀರಿ."

ಮೇಸ್ತ್ರಿ ಅವಳ ಮುಖವನ್ನೇ ನೋಡಿದ. ಅಳತೆಪಟ್ಟಿ ಸುತ್ತುತ್ತಿದ್ದ ಬೆರಳು ನಿಂತಿತು. ಮಿಕ್ಕವರೂ ನೋಡಿದರು. ಒಂದು ಗಳಿಗೆ ಏನು ಬೇಕಾದರೂ ಆಗಬಹುದಿತ್ತು.

"ಹೌದಲ್ವಾ" ಅಂದ ಮೇಸ್ತ್ರಿ. "ದಿನ ಹೋಗೋದೇ ಗೊತ್ತಾಗಲ್ಲ."

ಇಸ್ತ್ರಿಯಣ್ಣ ಬೆರಳು ಮಡಿಸಿ ಎಣಿಸಿದ. "ಮೂವತ್ತು. ಸರಿಯಾಗಿ ಮೂವತ್ತು."

"ನಿನ್ನೆ ಒಳಗೆ ಹೋದ ಹಾಗಿದೆ ನೋಡಿ" ಅಂದಳು ಹಿಡಿಯಕ್ಕ ಗಲ್ಲಕ್ಕೆ ಕೈಯಿಟ್ಟು, ನಿಜವಾದ ಆಶ್ಚರ್ಯದಿಂದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರ ಬಗ್ಗೆ ಕೇಳಿದ್ದೇವೆ. ಇವರು ಕರುವಿಗೆ ಹೆಸರನ್ನೂ ಇಟ್ಟರು.

ಮೇಸ್ತ್ರಿ ಹೋಗಿ ಮೇಣದ ಕೋಣೆಯ ಬಾಗಿಲು ತೆರೆದು, "ಬನ್ನಿ, ನಿಮ್ಮ ತಿಂಗಳು ಮುಗೀತು. ಕುರ್ಚಿಯಿಂದ ಹೇಳಿದ್ದಾರೆ" ಅಂದ. ಹಬೆಯ ನಡುವಿನಿಂದ ನಾದಿನಿ ಬಂದಳು. ಕಣ್ಣು ಕೆಂಪಾಗಿತ್ತು, ಕೈಗೆ ಮೇಣ ಮೆತ್ತಿತ್ತು, ಉಸಿರಿಗೆ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಹಾಲ್ ನೋಡಿದಳು, ಎಲ್ಲರೂ ಅವಳನ್ನು ಒಂದು ತಿಂಗಳ ಮೇಲೆ ಕಂಡವರಂತೆ ಮುಗುಳ್ನಗುತ್ತಿದ್ದರು. ಆಮೇಲೆ ಕುರ್ಚಿಯ ಕಡೆ ನೋಡಿದಳು.

ಮೌನಕ್ಕ ಆ ಕಣ್ಣಿನಲ್ಲಿ ಕೋಪ ಹುಡುಕಿದಳು, ಸಮಾಧಾನ ಹುಡುಕಿದಳು, ಕೊನೆಗೆ ಅಸಹ್ಯವಾದರೂ ಇದ್ದೀತೆಂದು ಹುಡುಕಿದಳು. ಅದ್ಯಾವುದೂ ಇರಲಿಲ್ಲ. ಇದ್ದದ್ದು ಹೆದರಿಕೆ. ತಿಂಗಳನ್ನು ಒಂದು ದಿನ ಮಾಡಿದವಳು ಒಂದು ದಿನವನ್ನು ಎಷ್ಟು ತಿಂಗಳು ಬೇಕಾದರೂ ಮಾಡಬಲ್ಲಳು ಎಂದು ಆ ಕಣ್ಣು ಲೆಕ್ಕ ಹಾಕಿ ಮುಗಿಸಿತ್ತು.

ನಾದಿನಿ ತನ್ನ ಮೇಜಿನ ಹತ್ತಿರ ಬಂದಳು. ಸ್ಟೂಲು ಎಳೆದಳು. ಕೂರಲಿಲ್ಲ. ಮೇಣ ಮೆತ್ತಿದ ಕೈಗಳನ್ನು ಒಂದರ ಮೇಲೊಂದು ಇಟ್ಟುಕೊಂಡು, ತಲೆ ಸ್ವಲ್ಪ ತಗ್ಗಿಸಿ ಕೇಳಿದಳು: "ನಾನು ಕೂತ್ಕೋಬಹುದಾ?"

ಮೌನಕ್ಕನಿಗೆ ಕುರ್ಚಿಯಿಂದ ಧುಮುಕಿ ಓಡಿಹೋಗಿ ಅವಳನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ಎದ್ದೂ ಎದ್ದಳು, ಅರ್ಧ. ಅಷ್ಟರಲ್ಲಿ ಹಾಲ್‌ನಲ್ಲಿ ಸ್ಟೂಲುಗಳು ಸರಿದವು. ಎಲ್ಲರೂ ಸೂಜಿ ಕತ್ತರಿ ಕೆಳಗಿಟ್ಟು, ದಿನ ಮುಗಿಯಿತೆಂದು ಎದ್ದು ನಿಲ್ಲುತ್ತಿದ್ದರು. ಅವಳು ಮತ್ತೆ ಕೂತಳು. ಅವರೂ ಕೂತರು. ನಾದಿನಿ ಇನ್ನೂ ನಿಂತೇ ಇದ್ದಳು.

"ಕೂತ್ಕೋ" ಅಂದಳು ಮೌನಕ್ಕ.

ನಾದಿನಿ ಕೂತಳು.